ಥರ್ಮಲ್ ರನ್‌ಅವೇ: ಇದು ರನ್‌ವೇ ಅಲ್ಲ

ಬೀದರ್‌ನಲ್ಲಿ ತರಬೇತಿಯ ಹಾಕ್ ವಿಮಾನಗಳ ಸದ್ದು ನಮಗೆ ರೂಢಿಯಾಗಿಬಿಟ್ಟಿದೆ. ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಇಲ್ಲೇ ಅಲ್ವಾ? ಮೇ ತಿಂಗಳಲ್ಲಿ ಪಕ್ಕದ ಮನೆಯ ಡಿಪ್ಲೊಮಾ ಹುಡುಗ ಪುಸ್ತಕ ಹಿಡಿದು ಬಂದು, "ಕಾಕಾ, ರನ್‌ವೇ ಕಾದ್ರ ಬ್ಯಾಟರಿಗ್ಯಾಕ ಬೆಂಕಿ ಹತ್ತತದ?" ಅಂದ. ಅವನು ಓದಿಕೊಂಡದ್ದು ವಿಮಾನ ಓಡುವ ರನ್‌ವೇ, ಪುಸ್ತಕದಲ್ಲಿದ್ದದ್ದು ರನ್‌ಅವೇ. ಥರ್ಮಲ್ ರನ್‌ಅವೇ ಅಂದರೆ ಬ್ಯಾಟರಿಯೊಳಗೆ ಕೈಮೀರಿ ಏರುವ ಬಿಸಿ.

ಒಕ್ಕಲುತನದವರಿಗೆ ಇದು ಗೊತ್ತಿದ್ದದ್ದೇ. ಹಸಿ ಹುಲ್ಲು ಒತ್ತಿ ಬಣವಿ ಒಟ್ಟಿದರೆ ಒಳಗೇ ಕಾವು ಹುಟ್ಟುತ್ತದೆ. ಹೊರಬರಲು ದಾರಿ ಸಿಗದ ಕಾವು ಇನ್ನಷ್ಟು ಕಾವು ಹುಟ್ಟಿಸುತ್ತದೆ. ಯಾರೂ ಕಡ್ಡಿ ಗೀರದೆಯೇ ಹೊಗೆ ಏಳುತ್ತದೆ.

ಸೇನೆಯ ವಿಮಾನಗಳಲ್ಲಿ ಬಹಳ ಕಾಲ ನಡೆದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರೆ ಸಾಮಾನ್ಯವಾಗಿ 20 ಸೆಲ್ ಕಾಣುತ್ತವೆ. ಒಂದೊಂದು 1.2 ವೋಲ್ಟ್, ಒಟ್ಟು 24. ಒಳಗಿರುವುದು ಆಸಿಡ್ ಅಲ್ಲ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಸೆಲ್‌ಗಳ ಬಿರಡೆ ಸುತ್ತ ಉಪ್ಪಿನಂಥ ಬಿಳಿ ಪುಡಿ ಜಾಸ್ತಿ ಕೂತಿದ್ದರೆ ಮೆಕ್ಯಾನಿಕ್‌ಗೆ ಅನುಮಾನ: ಚಾರ್ಜ್ ಹೆಚ್ಚಾಗಿ ಕ್ಷಾರ ಉಕ್ಕಿರಬೇಕು.

ಎಂಜಿನ್ ಸ್ಟಾರ್ಟ್ ಮಾಡುವಾಗ ಬ್ಯಾಟರಿ ಒಮ್ಮೆಗೇ ನೂರಾರು ಆಂಪಿಯರ್ ಕರೆಂಟ್ ಕೊಡಬೇಕಾಗುತ್ತದೆ. ಅಲ್ಲೇ ಅದು ಬಿಸಿಯಾಗುತ್ತದೆ. ಎಂಜಿನ್ ಹತ್ತಿದ ಕೂಡಲೇ ಜನರೇಟರ್ ಸುಮಾರು 28 ವೋಲ್ಟ್‌ನಲ್ಲಿ ಅದನ್ನು ಚಾರ್ಜ್ ಮಾಡತೊಡಗುತ್ತದೆ. ಪೇಚು ಇರುವುದು ಇಲ್ಲೇ. ಬಿಸಿಯಾದಷ್ಟೂ ಸೆಲ್ ಕರೆಂಟನ್ನು ತಡೆದು ನಿಲ್ಲುವುದು ಕಡಿಮೆ. ವೋಲ್ಟ್ ಅಷ್ಟೇ ಇದ್ದರೂ ಕರೆಂಟ್ ಜಾಸ್ತಿ ನುಗ್ಗುತ್ತದೆ, ಅದರಿಂದ ಬಿಸಿ ಇನ್ನೂ ಜಾಸ್ತಿ. ಪ್ಲೇಟ್‌ಗಳ ನಡುವಿನ ತೆಳು ಪರದೆ ಸುಟ್ಟರಂತೂ ಮುಗಿಯಿತು. ಅದಕ್ಕೇ ಬ್ಯಾಟರಿಗೊಂದು ಟೆಂಪರೇಚರ್ ಸೆನ್ಸರ್ ಇಡುತ್ತಾರೆ. ಎಚ್ಚರಿಕೆ ದೀಪ ಹತ್ತಿದರೆ ಪೈಲಟ್ ಚಾರ್ಜಿಂಗ್ ಕಡಿದು ಹಾಕುತ್ತಾರೆ. ಬೇಗ ಕಡಿದರೆ ಸಾಮಾನ್ಯವಾಗಿ ಬಿಸಿ ಇಳಿಯುತ್ತದೆ.

ಅಮೆರಿಕದ ಎಫ್-35 ಯುದ್ಧವಿಮಾನದಂಥ ಹೊಸ ವಿಮಾನಗಳಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಬಂದಿದೆ. ತೂಕ ಕಡಿಮೆ, ಬಲ ಜಾಸ್ತಿ. ಆದರೆ ಇದರ ಬಿಸಿಯ ಓಟ ಒಮ್ಮೆ ಶುರುವಾದರೆ ಸ್ವಿಚ್‌ಗೆ ಬಗ್ಗಲ್ಲ. ಒಳಗಿನ ರಾಸಾಯನಿಕಗಳೇ ಬಿಸಿ ಹುಟ್ಟಿಸುತ್ತಾ ಹೋಗುತ್ತವೆ, ನಮ್ಮ ಬಣವಿಯ ಹಾಗೆ. 2013ರ ಜನವರಿಯಲ್ಲಿ ಪ್ರಯಾಣಿಕರ ಬೋಯಿಂಗ್ 787 ವಿಮಾನಗಳನ್ನು ಜಗತ್ತಿನಾದ್ಯಂತ ನೆಲಕ್ಕೆ ಕೂರಿಸಿದ್ದು ಇಂಥ ಬ್ಯಾಟರಿಗಳ ಕಾಟಕ್ಕೇ. ಆಮೇಲೆ ಬ್ಯಾಟರಿಗೆ ಗಟ್ಟಿ ಸ್ಟೀಲ್ ಪೆಟ್ಟಿಗೆ, ಹೊಗೆಯನ್ನು ವಿಮಾನದ ಹೊರಗೆ ಬಿಡಲು ಕೊಳವೆ ಹಾಕಿದರು.

"ಹಂಗಾರ ನಮ್ಮ ಬಿಸಲಿಗಿ ಸಂಬಂಧನೇ ಇಲ್ಲೇನು?" ಅಂದ ಹುಡುಗ.

ಇದೆ. 40 ಡಿಗ್ರಿಯಲ್ಲಿ ನಿಂತ ಬ್ಯಾಟರಿ ಮೊದಲೇ ಕಾದಿರುತ್ತದೆ. ಆರಲು ಬಿಡದೆ ಎರಡು-ಮೂರು ಸಲ ಸ್ಟಾರ್ಟ್ ಕೊಟ್ಟರೆ ಅಪಾಯ ಇನ್ನೂ ಹತ್ತಿರ. ಅಂದರೆ ಅವನು ತಪ್ಪಾಗಿ ಓದಿದರೂ ಕೇಳಿದ್ದು ಅರ್ಧ ಸರಿಯೇ ಇತ್ತು.