ಮೊಳಕೆಗೆ ಬೇಕಾದದ್ದು ಸಸಿಗೆ ಬೇಡ: ಮನೆಯಲ್ಲಿ ಮೆಣಸಿನಕಾಯಿ, ಟೊಮೆಟೊ ಸಸಿ ಮಾಡುವ ಟಿಪ್ಪಣಿ

ಬೀಜ ಮೊಳೆಯುವುದಕ್ಕೆ ಬೇಕಾದದ್ದು ಬೇರೆ, ಮೊಳೆತ ಸಸಿ ಬದುಕುವುದಕ್ಕೆ ಬೇಕಾದದ್ದು ಬೇರೆ. ಮನೆಯಲ್ಲಿ ಸಸಿ ಮಾಡಲು ಹೊರಟವರು ಎಲ್ಲಕ್ಕಿಂತ ಮೊದಲು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೀಜಕ್ಕೆ ಬೆಚ್ಚಗಿನ ಜಾಗ ಬೇಕು, ತೇವ ಬೇಕು, ಮೇಲೆ ಮುಚ್ಚಿದರೂ ನಡೆಯುತ್ತದೆ. ಮೊಳೆತ ಮೇಲೂ ಹಾಗೇ ಮುಚ್ಚಿಟ್ಟರೆ ಸಸಿ ಬಿಳಿಚಿಕೊಂಡು ಉದ್ದವಾಗುತ್ತದೆ, ಆಮೇಲೆ ಬುಡ ಕೊಳೆತು ಮಲಗುತ್ತದೆ. ಬೀಜ ಚೆನ್ನಾಗಿಯೇ ಮೊಳೆತಿರುತ್ತದೆ, ನಾವು ಸಾಕುವ ರೀತಿ ಬದಲಾಗಿರುವುದಿಲ್ಲ ಅಷ್ಟೇ. ಇಲ್ಲಿ ಮೆಣಸಿನಕಾಯಿ ಮತ್ತು ಟೊಮೆಟೊ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಎರಡೂ ಬದನೆಯ ಕುಟುಂಬದವು, ಹೆಚ್ಚು ಕಡಿಮೆ ಒಂದೇ ರೀತಿ ಮೊಳೆಯುತ್ತವೆ.

ಬೀಜದೊಳಗೆ ಏನಾಗುತ್ತದೆ

ಒಣಗಿದ ಬೀಜ ನೀರಿಗೆ ಬಿದ್ದ ಕೂಡಲೇ ನೀರು ಹೀರಿ ಉಬ್ಬುತ್ತದೆ. ಇದಕ್ಕೆ ಜೀವ ಇರಲೇಬೇಕು ಅಂತಿಲ್ಲ, ಸತ್ತ ಬೀಜವೂ ಉಬ್ಬುತ್ತದೆ. ಹಾಗಾಗಿ ಉಬ್ಬಿದ್ದನ್ನು ನೋಡಿ ಬೀಜ ಚೆನ್ನಾಗಿದೆ ಅಂದುಕೊಳ್ಳಬೇಡಿ. ಆಮೇಲೆ ಸ್ವಲ್ಪ ಕಾಲ ಹೊರಗಿನಿಂದ ಏನೂ ಕಾಣುವುದಿಲ್ಲ. ನಿಜವಾದ ಕೆಲಸ ನಡೆಯುವುದು ಆಗಲೇ. ಜೀವಕೋಶಗಳು ಜೋರಾಗಿ ಉಸಿರಾಡಲು ಶುರುಮಾಡುತ್ತವೆ, ಕಿಣ್ವಗಳು ತಯಾರಾಗುತ್ತವೆ, ಕೂಡಿಟ್ಟ ಆಹಾರ ಕರಗಲು ತೊಡಗುತ್ತದೆ.

ಟೊಮೆಟೊ, ಮೆಣಸಿನ ಬೀಜದಲ್ಲಿ ಇನ್ನೊಂದು ವಿಶೇಷ ಇದೆ. ಬೇರಿನ ತುದಿಯ ಎದುರಿಗೇ ಎಂಡೋಸ್ಪರ್ಮ್ ಎಂಬ ಆಹಾರದ ಪದರ ಗಟ್ಟಿಯಾಗಿ ಅಡ್ಡ ನಿಂತಿರುತ್ತದೆ. ಆ ಜಾಗದ ಕೋಶಗಳ ಗೋಡೆಯನ್ನು ಕಿಣ್ವಗಳು ಮೆತ್ತಗೆ ಮಾಡಿದ ಮೇಲೆಯೇ ಬೇರು ಅದನ್ನು ತಳ್ಳಿಕೊಂಡು ಹೊರಗೆ ಬರುವುದು. ಚಳಿಯಲ್ಲಿ ಈ ಕೆಲಸ ತುಂಬಾ ನಿಧಾನ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಟೊಮೆಟೊ ಸುಮಾರು ಒಂದು ವಾರದಲ್ಲಿ ಮೇಲೆ ಬರುತ್ತದೆ, ಮೆಣಸಿನಕಾಯಿಗೆ ಒಂದರಿಂದ ಎರಡು ವಾರ ಬೇಕು. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿದಾಗ ಮೆಣಸು ಇನ್ನೂ ತಡ ಮಾಡುತ್ತದೆ. ಬೀಜ ಕೆಟ್ಟಿದೆ ಅಂತ ಟ್ರೇ ಎಸೆಯಬೇಡಿ. ಅಡುಗೆಮನೆಯ ಬೆಚ್ಚಗಿನ ಮೂಲೆಗೆ ಸರಿಸಿ, ಕಾಯಿರಿ.

ಉಸಿರಾಟ ಅಂದೆ ಅಲ್ವಾ, ಅದಕ್ಕೆ ಗಾಳಿ ಬೇಕು. ಬೀಜವನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ತೆಗೆದರೆ ಒಳ್ಳೆಯದೇ. ದಿನಗಟ್ಟಲೆ ನೀರಿನಲ್ಲೇ ಬಿಟ್ಟರೆ ಉಸಿರುಗಟ್ಟಿ ಕೊಳೆಯುತ್ತದೆ. ಭತ್ತ ಇದಕ್ಕೆ ಹೊರತು. ಆಮ್ಲಜನಕ ತೀರಾ ಕಡಿಮೆ ಇರುವ ನೀರಿನೊಳಗೂ ಅದರ ಮೊಳಕೆ ಉದ್ದವಾಗಿ ಮೇಲಕ್ಕೆ ಬರಬಲ್ಲದು. ಆದರೂ ನಮ್ಮ ರೈತರು ಭತ್ತವನ್ನು ಒಂದು ದಿನ ನೆನೆಸಿ, ನೀರು ಬಸಿದು, ಗೋಣಿಚೀಲದಲ್ಲಿ ಮುಚ್ಚಿ ಮೊಳಕೆ ಕಟ್ಟುತ್ತಾರೆ. ತೇವ, ಬಿಸಿ, ಗಾಳಿ ಮೂರನ್ನೂ ಒಟ್ಟಿಗೆ ಕೊಡುವ ಉಪಾಯ ಅದು.

ಯಾವ ಬೀಜ, ಎಂಥಾ ಬೀಜ

ಬಿತ್ತುವ ಮುಂಚೆ ಪರೀಕ್ಷೆ ಮಾಡಿಬಿಡಿ. ಹತ್ತು ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಮಡಿಸಿ, ಡಬ್ಬಿಯಲ್ಲಿಟ್ಟು ಮುಚ್ಚಳವನ್ನು ಸಡಿಲವಾಗಿ ಹಾಕಿ. ಕಾಗದ ಒದ್ದೆಯಾಗಿರಲಿ, ನೀರು ತೊಟ್ಟಿಕ್ಕುವುದು ಬೇಡ. ಎರಡು ವಾರ ಕಾದು ಎಷ್ಟು ಮೊಳೆತವು ಅಂತ ಎಣಿಸಿ. ಪ್ರಮಾಣಿತ ಬೀಜ ಎನಿಸಿಕೊಳ್ಳಲು ನಮ್ಮ ದೇಶದಲ್ಲಿ ಟೊಮೆಟೊಗೆ ಕನಿಷ್ಠ ಶೇ. 70, ಮೆಣಸಿನಕಾಯಿಗೆ ಶೇ. 60 ಮೊಳಕೆ ಇರಬೇಕು. ಅಂದರೆ ಮೆಣಸಿನ ಹತ್ತರಲ್ಲಿ ಆರು ಮೊಳೆತರೂ ಗಾಬರಿ ಬೇಡ, ಸ್ವಲ್ಪ ಜಾಸ್ತಿ ಬಿತ್ತಿದರಾಯಿತು.

ಬೆಳೆದ ಹಣ್ಣಿನಿಂದ ಬೀಜ ಎತ್ತಿಡುವ ಆಸೆ ಇದ್ದರೆ ಅದು ಹೈಬ್ರಿಡ್, ಅಂದರೆ ಎರಡು ತಳಿ ಬೆರೆಸಿ ಮಾಡಿದ್ದು, ಹೌದೋ ಅಲ್ಲವೋ ನೋಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಟೊಮೆಟೊಗಳನ್ನೇ ತೆಗೆದುಕೊಳ್ಳಿ. ಅರ್ಕಾ ರಕ್ಷಕ್ ಎಫ್1, ಅಂದರೆ ಮೊದಲ ಪೀಳಿಗೆಯ ಹೈಬ್ರಿಡ್, ಅದರ ಬೀಜ ಹಾಕಿದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಅರ್ಕಾ ವಿಕಾಸ್ ತಳಿಯ ಬೀಜವನ್ನು ಎತ್ತಿಟ್ಟುಕೊಳ್ಳಬಹುದು. ಬ್ಯಾಡಗಿ ಮೆಣಸಿನಕಾಯಿಯ ಬೀಜವನ್ನೂ ಮನೆಯಲ್ಲಿ ಉಳಿಸಿಕೊಳ್ಳಬಹುದು. ಆದರೆ ಮೆಣಸಿನ ಹೂವಿಗೆ ಪಕ್ಕದ ತಳಿಯ ಪರಾಗ ಸುಲಭವಾಗಿ ತಾಗುತ್ತದೆ, ಹತ್ತಿರದಲ್ಲೇ ಬೇರೆ ಮೆಣಸಿನ ಗಿಡ ಇದ್ದರೆ ಬೆರಕೆ ಆಗುತ್ತದೆ.

ಬಿತ್ತುವುದು

ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಸಸಿಗೆ ಒಳ್ಳೆಯ ಆಸರೆ. ನೀರು ಹಿಡಿಯುತ್ತದೆ, ಗಾಳಿಯೂ ಆಡುತ್ತದೆ. ಇಟ್ಟಿಗೆಯ ಆಕಾರದಲ್ಲಿ ಒತ್ತಿದ ಕೆಲವು ಕೋಕೋಪೀಟ್‌ಗಳಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತದೆ. ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿ ಬಳಸಿ. ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಒಂದೆರಡು ಹನಿ ಬೀಳಬೇಕು, ನೀರು ಧಾರೆಯಾಗಿ ಇಳಿಯಬಾರದು. ಸಣ್ಣ ಗೂಡುಗಳಿರುವ ಸಸಿ ಟ್ರೇ, ಅಂದರೆ ಪ್ರೋಟ್ರೇ, ಇಲ್ಲದಿದ್ದರೆ ಮೊಸರಿನ ಲೋಟ ಸಾಕು, ಅಡಿಯಲ್ಲಿ ತೂತು ಮಾತ್ರ ಇರಲೇಬೇಕು. ಬೀಜದ ದಪ್ಪಕ್ಕಿಂತ ಎರಡು ಮೂರು ಪಟ್ಟು ಆಳ ಸಾಕು. ಮೆಣಸು, ಟೊಮೆಟೊಗೆ ಅರ್ಧ ಸೆಂಟಿಮೀಟರ್.

ಎಲ್ಲ ಬೀಜಕ್ಕೂ ಕತ್ತಲೆಯೇ ಬೇಕು ಅಂತಿಲ್ಲ. ಲೆಟಿಸ್‌ನ ಕೆಲವು ತಳಿಗಳಿಗೆ ಮೊಳೆಯಲು ಬೆಳಕು ಬೇಕು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಲೆಟಿಸ್ ಬೀಜದ ಮೇಲೆ ಕೆಂಪು ಬೆಳಕು ಬಿಟ್ಟರೆ ಮೊಳೆಯುತ್ತದೆ, ಅದರ ಹಿಂದೆಯೇ ದೂರ ಕೆಂಪು ಬೆಳಕು (ಕೆಂಪಿನಾಚೆಯ, ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕು) ಬಿಟ್ಟರೆ ಮೊಳಕೆ ನಿಲ್ಲುತ್ತದೆ ಅಂತ ತೋರಿಸಿದರು. ಹೀಗೆ ಬೆಳಕನ್ನು ಗುರುತಿಸುವ ವರ್ಣದ್ರವ್ಯಕ್ಕೆ ಆಮೇಲೆ ಫೈಟೋಕ್ರೋಮ್ ಅಂತ ಹೆಸರು ಬಂತು. ಇದನ್ನು ನೆನಪಿಡಿ, ಸಸಿಯ ವಿಷಯದಲ್ಲೂ ಬೇಕಾಗುತ್ತದೆ.

ಮೇಲೆ ಬಂದ ದಿನ

ಮಣ್ಣಿನಿಂದ ಮೊದಲು ಕಾಣುವುದು ಎಲೆಯಲ್ಲ. ತಲೆಯಲ್ಲಿ ಹೊರೆ ಹೊತ್ತು ಬಗ್ಗಿದವರ ಬೆನ್ನಿನ ಹಾಗೆ ಕಾಂಡ ಬಾಗಿ ಮೇಲೆ ಬರುತ್ತದೆ. ತುದಿಯ ಎಳೆ ಕುಡಿ ಮಣ್ಣಿಗೆ ಉಜ್ಜದೆ ಹಿಂದೆ ಸರಾಗವಾಗಿ ಬರಲಿ ಅಂತ ಈ ಬಾಗು. ಬೆಳಕು ತಾಗಿದ ಮೇಲೆ ಬಾಗು ನೆಟ್ಟಗಾಗುತ್ತದೆ, ಎರಡು ಬೀಜದಳ ಬಿಚ್ಚಿ ಹಸಿರಾಗುತ್ತವೆ. ಕೆಲವೊಮ್ಮೆ ಬೀಜದ ಸಿಪ್ಪೆ ಟೋಪಿಯಂತೆ ತುದಿಯಲ್ಲೇ ಉಳಿಯುತ್ತದೆ. ಉಗುರಿನಿಂದ ಎಳೆಯಬೇಡಿ, ಬೀಜದಳ ಹರಿಯುತ್ತದೆ. ಅದರ ಮೇಲೆ ಒಂದೆರಡು ಹನಿ ನೀರು ಹಾಕಿ ಮೆತ್ತಗಾಗಲು ಬಿಡಿ, ಅರ್ಧ ಗಂಟೆ ಆದ ಮೇಲೆ ಸುಮ್ನೆ ಸವರಿದರೆ ಜಾರುತ್ತದೆ.

ಮೊದಲ ಬಾಗು ಕಂಡ ದಿನವೇ ಮುಚ್ಚಳ ತೆಗೆಯಿರಿ. ಇದನ್ನು ತಡ ಮಾಡುವುದರಿಂದಲೇ ಹೆಚ್ಚಿನ ಸಸಿಗಳು ಹಾಳಾಗುವುದು. ಆ ದಿನವೇ ಬೆಳಕಿಗೂ ಇಡಿ. ಬೆಳಕು ಇದೆಯೋ ಇಲ್ಲವೋ ಅಂತ ಸಸಿಗೆ ತಿಳಿಸುವುದರಲ್ಲೂ ಮುಂಚೆ ಹೇಳಿದ ಫೈಟೋಕ್ರೋಮ್‌ನ ಕೈ ಇದೆ. ಕತ್ತಲೆಯಲ್ಲಿ ಸಸಿ ಬೆಳಕು ಹುಡುಕುತ್ತಾ ಕಾಂಡವನ್ನು ಎಳೆಯುತ್ತದೆ. ಕಾಂಡ ಉದ್ದವಾಗಿ, ತೆಳ್ಳಗಾಗಿ, ಬಿಳಿಚಿಕೊಳ್ಳುತ್ತದೆ. ಕಿಟಕಿ ಪಕ್ಕ ಇಟ್ಟರೆ ಕಿಟಕಿ ಕಡೆಗೇ ವಾಲುತ್ತದೆ. ಬಾಲ್ಕನಿಯಲ್ಲಿ ಬೆಳಗಿನ ಎಳೆ ಬಿಸಿಲು ಬೀಳುವ ಕಡೆ ಒಳ್ಳೆಯದು. ಮಧ್ಯಾಹ್ನದ ಉರಿ ಬಿಸಿಲಿಗೆ ಮೊದಲ ವಾರ ನೆರಳು ಕೊಡಿ.

ಬುಡ ಕೊಳೆತು ಬೀಳುವುದು

ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ಮಲಗಿರುತ್ತದೆ. ಹತ್ತಿರ ಹೋಗಿ ನೋಡಿದರೆ ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ಕಾಂಡ ನೀರು ಹಿಡಿದಂತೆ ಆಗಿ, ಕಂದುಬಣ್ಣಕ್ಕೆ ತಿರುಗಿ, ದಾರದಷ್ಟು ತೆಳ್ಳಗಾಗಿರುತ್ತದೆ. ಇದೇ ಸಸಿ ಸಾಯುವ ರೋಗ. ಪೈಥಿಯಂ ಮತ್ತು ರೈಜಾಕ್ಟೋನಿಯಾ ಎಂಬ ಮಣ್ಣಿನ ಸೂಕ್ಷ್ಮಜೀವಿಗಳು ಇದಕ್ಕೆ ಮುಖ್ಯ ಕಾರಣ. ಪೈಥಿಯಂನ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಮಣ್ಣಿನಲ್ಲಿ ನೀರು ನಿಂತಷ್ಟೂ ಒಂದು ಸಸಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ಸಲೀಸು. ಬೀಜ ಮೇಲೆ ಬರುವ ಮುಂಚೆಯೂ ಇದು ಬರಬಹುದು. ಆಗ ನಾವು ಬೀಜ ಮೊಳೆಯಲೇ ಇಲ್ಲ ಅಂದುಕೊಳ್ಳುತ್ತೇವೆ.

ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಅದನ್ನು ಅದರ ಗೂಡಿನ ಮಣ್ಣಿನ ಸಮೇತ ತೆಗೆದುಹಾಕಿ. ಉಳಿದವಕ್ಕೆ ನೀರು ಕಡಿಮೆ ಮಾಡಿ, ಗಾಳಿ ಆಡುವಂತೆ ಇಡಿ. ನೀರನ್ನು ಬೆಳಗ್ಗೆಯೇ ಕೊಡಿ, ರಾತ್ರಿ ಹೊತ್ತಿಗೆ ಮಣ್ಣಿನ ಮೇಲ್ಭಾಗ ಆರಿರಬೇಕು. ಬೆರಳು ಒತ್ತಿ ನೋಡಿ, ಮೇಲೆ ಒಣಗಿದ ಹಾಗಿದ್ದು ಒಳಗೆ ತಂಪಾಗಿದ್ದರೆ ನೀರು ಬೇಡ. ಒತ್ತೊತ್ತಾಗಿ ಬಿತ್ತಬೇಡಿ. ಹಳೆಯ ಟ್ರೇಯನ್ನು ಸೋಪು ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟು ಬಳಸಿ. ಬಿತ್ತುವಾಗ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡುವುದು ಒಳ್ಳೆಯ ಅಭ್ಯಾಸ. ಇದು ರೋಗ ತರುವ ಆ ಜೀವಿಗಳ ಜೊತೆ ಪೈಪೋಟಿ ಮಾಡುವ ಒಳ್ಳೆಯ ಶಿಲೀಂಧ್ರ. ರೋಗ ಬರುವ ಮುಂಚೆ ಹಾಕಿದರಷ್ಟೇ ಪ್ರಯೋಜನ.

ನಿಜವಾದ ಎಲೆ ಬಂದ ಮೇಲೆ

ಬೀಜದಳದ ನಡುವಿಂದ ಮೊದಲ ನಿಜವಾದ ಎಲೆ ಬರುವಷ್ಟರಲ್ಲಿ ಬೀಜದ ಬುತ್ತಿ ಮುಗಿದಿರುತ್ತದೆ. ಕೋಕೋಪೀಟ್‌ನಲ್ಲಿ ಪೋಷಕಾಂಶ ಅಷ್ಟಾಗಿ ಇಲ್ಲ. ಚೆನ್ನಾಗಿ ಕಳಿತ ಎರೆಹುಳು ಗೊಬ್ಬರವನ್ನು ಒಂದು ಚಿಟಿಕೆ ಮೇಲೆ ಉದುರಿಸಿ. ಅದಕ್ಕಿಂತ ಮುಂಚೆ ಗೊಬ್ಬರ ಬೇಡ.

ಈ ಹೊತ್ತಿಗೆ ಬಿಳಿ ನೊಣ, ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟಗಳ ಕಾಟವೂ ಶುರುವಾಗುತ್ತದೆ. ಟೊಮೆಟೊ ಎಲೆ ಮುದುಡುವ ವೈರಸ್ ಅನ್ನು ಹರಡುವುದು ಬಿಳಿ ನೊಣ. ಮೆಣಸಿನ ಎಲೆ ಮೇಲ್ಮುಖವಾಗಿ ಮಡಿಸಿಕೊಂಡರೆ ಥ್ರಿಪ್ಸ್, ಕೆಳಮುಖವಾಗಿ ಮಡಿಸಿಕೊಂಡರೆ ನುಸಿ ಅಂತ ಗುರುತಿಟ್ಟುಕೊಳ್ಳಿ. ಟ್ರೇ ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿದರೆ ಬಿಳಿ ನೊಣವನ್ನು ತಡೆಯಬಹುದು, ಗಾಳಿಯೂ ನಿಲ್ಲುವುದಿಲ್ಲ.

ಟೊಮೆಟೊ ಸಸಿ ಸುಮಾರು 25 ದಿನಕ್ಕೆ, ಮೆಣಸಿನ ಸಸಿ 35ರಿಂದ 40 ದಿನಕ್ಕೆ ನಾಟಿಗೆ ಬರುತ್ತದೆ. ನಾಟಿಗೆ ಒಂದು ವಾರ ಮುಂಚೆಯೇ ಗಟ್ಟಿ ಮಾಡುವ ಕೆಲಸ ಶುರು ಮಾಡಿ. ನೀರು ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ, ಬಿಸಿಲಿನ ಹೊತ್ತನ್ನು ದಿನದಿನಕ್ಕೂ ಹೆಚ್ಚಿಸಿ. ಎಲೆ ದಪ್ಪಗಾಗಿ ಬಣ್ಣ ಗಾಢವಾಗುತ್ತದೆ. ನಾಟಿ ಸಂಜೆ ಮಾಡಿ. ಟೊಮೆಟೊ ಕಾಂಡವನ್ನು ಬೀಜದಳದವರೆಗೂ ಮಣ್ಣಿಗೆ ಇಳಿಸಬಹುದು, ಹೂತ ಕಾಂಡದಿಂದಲೂ ಬೇರು ಬರುತ್ತದೆ. ಉದ್ದ ಬೆಳೆದ ಸಸಿಯನ್ನು ಉಳಿಸಿಕೊಳ್ಳಲು ಇದೊಂದು ದಾರಿ. ಮೆಣಸಿನ ಸಸಿಯನ್ನು ಟ್ರೇಯಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ನೆಡಿ. ಬುಡದ ಸುತ್ತ ಮಣ್ಣನ್ನು ಹಗುರಾಗಿ ಒತ್ತಿ, ನೀರು ಕೊಟ್ಟು, ಎರಡು ದಿನ ಬಿಸಿಲಿಗೆ ಅಡ್ಡ ಏನಾದರೂ ಇಡಿ.