ನೆರಡಿ ರೋಗದ ಜಾಡು ಹಿಡಿದ ಕ್ಲೇರ್ ಫ್ರೇಸರ್

ಚಳ್ಳಕೆರೆ ಕಡೆ ಕುರಿ ಸಾಕುವವರಿಗೆ ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ, ಹೆಸರು ಹೊಸದಲ್ಲ. ಬೆಳಿಗ್ಗೆ ಮೇಯುತ್ತಿದ್ದ ಕುರಿ ಸಂಜೆಗೆ ಸತ್ತು ಬಿದ್ದಿರುತ್ತದೆ, ಮೂಗಿನಿಂದ ಕಪ್ಪು ರಕ್ತ. ಯಾರೋ ಮಾಟ ಮಾಡಿಸಿದ್ದಾರೆ ಅಂತ ಒಬ್ಬರು, ಹೊಟ್ಟೆ ಕೊಯ್ದು ನೋಡೋಣ ಅಂತ ಇನ್ನೊಬ್ಬರು. ಮಾಟದ ಮಾತು ಅತ್ಲಾಗೆ ಬಿಡಿ, ಕೊಯ್ಯುವುದು ಅದಕ್ಕಿಂತ ದೊಡ್ಡ ಅನಾಹುತ. ಗಾಳಿ ತಾಗಿದರೆ ಈ ರೋಗ ತರುವ ಬ್ಯಾಕ್ಟೀರಿಯಾ ಗಟ್ಟಿ ಕವಚದ ಸ್ಪೋರ್ ಆಗುತ್ತದೆ, ಮಣ್ಣಿನಲ್ಲಿ ಹತ್ತಾರು ವರ್ಷ ಸುಮ್ನೆ ಕೂತಿರುತ್ತದೆ. ಅದಕ್ಕೇ ಪಶುವೈದ್ಯರು ಹೊಟ್ಟೆ ಮುಟ್ಟದೆ, ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡುತ್ತಾರೆ.

ಇದೇ ಆಂಥ್ರಾಕ್ಸ್ 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಯೊಳಗೆ ಪುಡಿಯಾಗಿ ಬಂತು. 22 ಮಂದಿಗೆ ರೋಗ ತಗುಲಿತು, 5 ಮಂದಿ ಸತ್ತರು. ಪುಡಿ ಎಲ್ಲಿಂದ ಬಂತು ಅಂತ ಹುಡುಕಲು ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಹೋದ ಕಡೆಗಳಲ್ಲಿ ಜೀನೋಮ್ ವಿಜ್ಞಾನಿ ಕ್ಲೇರ್ ಫ್ರೇಸರ್ ಅವರ ಸಂಸ್ಥೆಯೂ ಒಂದು.

ಫ್ರೇಸರ್ ಪಿಎಚ್‌ಡಿ ಮಾಡಿದ್ದು ಔಷಧ ವಿಜ್ಞಾನದಲ್ಲಿ. 1995ರಲ್ಲಿ ಮೈಕೋಪ್ಲಾಸ್ಮಾ ಜೆನಿಟಾಲಿಯಂ ಎಂಬ ಪುಟಾಣಿ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಡಿಎನ್‌ಎ ಬರಹವನ್ನು, ಪೂರ್ತಿ ಓದಿದ ತಂಡದ ಮುಂದಾಳು ಅವರೇ. ಸುಮಾರು 5,80,000 ಅಕ್ಷರ. ಪೂರ್ತಿ ಓದಿದ ಬ್ಯಾಕ್ಟೀರಿಯಾಗಳಲ್ಲಿ ಅದು ಎರಡನೆಯದು. ಆಮೇಲೆ ಲೈಮ್ ರೋಗದ್ದು, ಸಿಫಿಲಿಸ್‌ದು. 1998ರಲ್ಲಿ ಟಿಐಜಿಆರ್ ಎಂಬ ಜೀನೋಮ್ ಸಂಸ್ಥೆಗೆ ಅವರೇ ಅಧ್ಯಕ್ಷೆಯಾದರು.

ಡಿಎನ್‌ಎ ಪರೀಕ್ಷೆ ಮಾಡಿದರೆ ಕಳ್ಳ ಸಿಕ್ಕೇಬಿಟ್ಟ ಅಂತ ಜನ ನಂಬುತ್ತಾರೆ. ಇದೂ ಒಂಥರಾ ಮೂಢನಂಬಿಕೆಯೇ, ಅಲ್ವಾ? ಲಕೋಟೆಯಲ್ಲಿದ್ದದ್ದು ಏಮ್ಸ್ ಎಂಬ ತಳಿ, 1981ರಲ್ಲಿ ಟೆಕ್ಸಾಸ್‌ನಲ್ಲಿ ಸತ್ತ ಹಸುವಿನಿಂದ ಬಂದದ್ದು. ಅದನ್ನು ಎಷ್ಟೋ ಲ್ಯಾಬ್‌ಗಳು ಹಂಚಿಕೊಂಡಿದ್ದವು. 50 ಲಕ್ಷಕ್ಕೂ ಜಾಸ್ತಿ ಅಕ್ಷರ ಓದಿದರೂ ಒಂದು ಲ್ಯಾಬಿನದಕ್ಕೂ ಇನ್ನೊಂದು ಲ್ಯಾಬಿನದಕ್ಕೂ ವ್ಯತ್ಯಾಸ ಕಾಣುವುದು ಕಷ್ಟ.

ದಾರಿ ತೋರಿಸಿದ್ದು ಲಕೋಟೆಯ ಪುಡಿಯಿಂದ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಗುಂಪುಗಳು. ಕೆಲವು ಬಣ್ಣ, ಆಕಾರದಲ್ಲಿ ಬೇರೆ ಇದ್ದವು. ಅಮೆರಿಕ ಸೈನ್ಯದ ಲ್ಯಾಬಿನವರು ಅದನ್ನು ಗಮನಿಸಿದರು. ಫ್ರೇಸರ್ ತಂಡ ಆ ವಿಚಿತ್ರ ಗುಂಪುಗಳ ಜೀನೋಮ್ ಓದಿದಾಗ, ಸ್ಪೋರ್ ಆಗುವ ಕೆಲಸಕ್ಕೆ ಸಂಬಂಧಪಟ್ಟ ಕಡೆಗಳಲ್ಲಿ ತಪ್ಪುಗಳು ಸಿಕ್ಕವು. ಒಂದೊಂದು ತಪ್ಪನ್ನು ಬಿಡಿಯಾಗಿ ನೋಡಿದರೆ ಹೆಚ್ಚೇನೂ ತಿಳಿಯಲ್ಲ, ಅವುಗಳ ಬೆರಕೆಯೇ ಗುರುತು. ದಾವಣಗೆರೆ ಎಪಿಎಂಸಿಯಲ್ಲಿ ಸಾವಿರ ಚೀಲ ಮೆಕ್ಕೆಜೋಳ ಇದೆ ಅಂದುಕೊಳ್ಳಿ. ಎಲ್ಲಾ ಒಂದೇ ತಳಿ. ನಿಮ್ಮ ಕೈಲಿರೋ ಹಿಡಿಯಲ್ಲಿ ಮಾತ್ರ ನಾಲ್ಕು ಬಗೆಯ ಬೆರಕೆ ಕಾಳು ಅಲ್ಲೊಂದು ಇಲ್ಲೊಂದು ಇವೆ. ಅದೇ ನಾಲ್ಕೂ ಯಾವ ಚೀಲದಲ್ಲಿ ಸಿಗುತ್ತವೋ ಆ ಚೀಲದ ಮೇಲೆ ಅನುಮಾನ ಬರುತ್ತದೆ. ಒಂದೇ ಬಗೆ ಸಿಕ್ಕರೆ ಆಕಸ್ಮಿಕ ಅನ್ನಬಹುದು, ನಾಲ್ಕೂ ಒಟ್ಟಿಗೆ ಸಿಕ್ಕರೆ ಹಾಗನ್ನೋದು ಕಷ್ಟ.

ಅಂಥ ನಾಲ್ಕು ತಪ್ಪುಗಳಿಗೆ ಒಂದೊಂದು ಪರೀಕ್ಷೆ ಮಾಡಿಕೊಂಡು, ಲ್ಯಾಬ್‌ಗಳ ಸಾವಿರಕ್ಕೂ ಹೆಚ್ಚು ಏಮ್ಸ್ ಮಾದರಿಗಳನ್ನು ಹೀಗೆ ಜಾಲಾಡಿದರು. ನಾಲ್ಕೂ ಸಿಕ್ಕಿದ್ದು 8ರಲ್ಲಿ. ಆ ಎಂಟರ ಮೂಲವೂ ಸೈನ್ಯದ ಲ್ಯಾಬಿನ ಒಂದೇ ಫ್ಲಾಸ್ಕ್ ಅಂತ ಎಫ್‌ಬಿಐ ಹೇಳಿತು.

ಆದರೆ ಆ ಫ್ಲಾಸ್ಕಿಗೆ ಕೈ ಹಾಕಿದವರು ಯಾರು ಅನ್ನೋದನ್ನ ಜೀನೋಮ್ ಹೇಳಲ್ಲ. ಬ್ಯಾಕ್ಟೀರಿಯಾವನ್ನು ಮತ್ತೆ ಮತ್ತೆ ಬೆಳೆಸಿದರೆ ಅಂಥ ತಪ್ಪುಗಳು ಬೇರೆ ಕಡೆ ತಾವಾಗಿ ಹುಟ್ಟಲೂಬಹುದು. ಪುಡಿಯ ಮೂಲ ಇದೇ ಅಂತ ವಿಜ್ಞಾನವೊಂದರಿಂದಲೇ ಖಚಿತವಾಗಿ ಹೇಳಲಾಗದು ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅಷ್ಟೊತ್ತಿಗೆ ಫ್ರೇಸರ್ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೀನೋಮ್ ಸಂಸ್ಥೆಯಲ್ಲಿದ್ದರು. ಎಫ್‌ಬಿಐ ಅನುಮಾನಪಟ್ಟಿದ್ದ ಸೈನ್ಯದ ಲ್ಯಾಬಿನ ವಿಜ್ಞಾನಿ 2008ರಲ್ಲೇ ತೀರಿಕೊಂಡಿದ್ದರು. ಹಾಗಾಗಿ ಕೋರ್ಟಿನಲ್ಲಿ ವಿಚಾರಣೆಯೇ ನಡೆಯಲಿಲ್ಲ, ಆ ನಾಲ್ಕು ಪರೀಕ್ಷೆಗಳನ್ನು ಯಾವ ವಕೀಲರೂ ಪಾಟೀಸವಾಲಿಗೆ ಒಡ್ಡಲಿಲ್ಲ.