ಪದ ಪರಿಚಯ: ಇಸಿಎಚ್‌ಎಸ್ ಅನುದಾನ

ಪಿಂಚಣಿ ಪಡೆಯುವ ಮಾಜಿ ಸೈನಿಕರು ಹಾಗೂ ಅವರ ಅವಲಂಬಿತರ ಚಿಕಿತ್ಸೆಗಾಗಿ ಕೇಂದ್ರ ಸರ್ಕಾರವು ಪ್ರತಿ ವರ್ಷ ರಕ್ಷಣಾ ಬಜೆಟ್ಟಿನಲ್ಲಿ ತೆಗೆದಿರಿಸುವ ಹಣಕ್ಕೆ ಇಸಿಎಚ್‌ಎಸ್ ಅನುದಾನ ಎನ್ನುತ್ತಾರೆ. ಇಸಿಎಚ್‌ಎಸ್ ಎಂದರೆ ಮಾಜಿ ಸೈನಿಕರ ವಂತಿಗೆ ಸಹಿತ ಆರೋಗ್ಯ ಯೋಜನೆ. ಇದು 2003ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಮಡಿಕೇರಿಯಲ್ಲಿರುವ ಯೋಜನೆಯ ಹೊರರೋಗಿ ಚಿಕಿತ್ಸಾಲಯದಲ್ಲಿ (ಪಾಲಿಕ್ಲಿನಿಕ್) ಕೊಡುವ ರಕ್ತದೊತ್ತಡದ ಮಾತ್ರೆಗೂ, ಅಲ್ಲಿಂದ ರೆಫರಲ್ ಪಡೆದು ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳುವ ಹೃದಯ ಶಸ್ತ್ರಚಿಕಿತ್ಸೆಗೂ ಹಣ ಬರುವುದು ಇದೇ ಅನುದಾನದಿಂದ.

ಯೋಜನೆಯ ಸದಸ್ಯತ್ವಕ್ಕೆ ನಿವೃತ್ತಿಯ ವೇಳೆ ಒಮ್ಮೆ ಮಾತ್ರ ವಂತಿಗೆ ಕಟ್ಟಬೇಕು. 2017ರ ಕೊನೆಯಲ್ಲಿ ಹೊರಬಿದ್ದ ಆದೇಶದ ಪ್ರಕಾರ ಹವಾಲ್ದಾರ್ ಹುದ್ದೆಯವರೆಗಿನವರಿಗೆ 30,000 ರೂಪಾಯಿ, ನಾಯಿಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗಿನವರಿಗೆ 67,000 ರೂಪಾಯಿ, ಅಧಿಕಾರಿಗಳಿಗೆ 1,20,000 ರೂಪಾಯಿ ನಿಗದಿಯಾಯಿತು. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರಿಗೆ ಈ ವಂತಿಗೆಯಿಂದ ವಿನಾಯಿತಿ ಇದೆ. ಈ ಹಣವು ಬಡ್ಡಿ ಸಮೇತ ಬೆಳೆದು ಮುಂದೊಂದು ದಿನ ತಮ್ಮ ಚಿಕಿತ್ಸೆಗೆ ಒದಗುತ್ತದೆ ಎಂದು ಅನೇಕರು ನಂಬಿದ್ದಾರೆ. ಆದರೆ ವಂತಿಗೆಯು ಸರ್ಕಾರದ ಖಾತೆಗೆ ಜಮೆಯಾಗುತ್ತದೆ, ಆಸ್ಪತ್ರೆಯ ಬಿಲ್ಲನ್ನು ಆಯಾ ವರ್ಷದ ಬಜೆಟ್ಟಿನಿಂದ ತೀರಿಸಲಾಗುತ್ತದೆ. ಸದಸ್ಯನಿಗೆ ಸಿಗುವ ಸೌಲಭ್ಯ ಜೀವನಪರ್ಯಂತದ್ದು, ಅದಕ್ಕೆ ಬೇಕಾದ ಹಣ ಮಾತ್ರ ವರ್ಷದ ಲೆಕ್ಕದ್ದು. ಈ ಯೋಜನೆಯ ಹಣಕಾಸಿನ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಅಂದಾಜು ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಪ್ರಾದೇಶಿಕ ಕೇಂದ್ರಗಳು ಕಳುಹಿಸಿದ ವೆಚ್ಚದ ವಿವರಗಳನ್ನು ದೆಹಲಿಯ ಕೇಂದ್ರ ಕಚೇರಿ ಒಟ್ಟುಗೂಡಿಸುತ್ತದೆ; ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ಇಲಾಖೆ ಮತ್ತು ಹಣಕಾಸು ವಿಭಾಗಗಳ ಪರಿಶೀಲನೆಯ ನಂತರ ಅದು ಹಣಕಾಸು ಸಚಿವಾಲಯದ ಮುಂದೆ ಹೋಗುತ್ತದೆ. ಅಲ್ಲಿ ಒಪ್ಪಿತವಾದ ಮೊತ್ತವು ರಕ್ಷಣಾ ಪಿಂಚಣಿಯ ಬೇಡಿಕೆಯಲ್ಲಿ (ಹಣಕ್ಕಾಗಿ ಸರ್ಕಾರ ಸಂಸತ್ತಿನ ಮುಂದಿಡುವ ಕೋರಿಕೆ) ಸೇರದೆ, ರಕ್ಷಣಾ ಸೇವೆಗಳ ರಾಜಸ್ವ ವೆಚ್ಚದ ಬೇಡಿಕೆಯಲ್ಲಿ ಒಂದು ಬಾಬ್ತಾಗಿ ಸಂಸತ್ತಿಗೆ ಬರುತ್ತದೆ. ಎಂದರೆ ವೃದ್ಧ ಯೋಧನ ಡಯಾಲಿಸಿಸ್‌ನ ವೆಚ್ಚವು, ಸೇವೆಯಲ್ಲಿರುವ ಸೈನಿಕರ ವೇತನ, ಇಂಧನ, ಪಡಿತರ ಇವುಗಳ ಜೊತೆಯಲ್ಲೇ ನಿಂತು ತನ್ನ ಪಾಲನ್ನು ಕೇಳಬೇಕಾಗುತ್ತದೆ.

ಖರ್ಚನ್ನು ನಿರ್ಧರಿಸುವ ಅಂಶಗಳು ಬಹುಮಟ್ಟಿಗೆ ಸಚಿವಾಲಯದ ಕೈಯಲ್ಲಿಲ್ಲ. ವರ್ಷಕ್ಕೆ ಸುಮಾರು 60,000 ಮಂದಿ ಸೇನೆಯಿಂದ ನಿವೃತ್ತರಾಗುತ್ತಾರೆ. ಸಿಪಾಯಿಗಳು ಮೂವತ್ತರ ಕೊನೆಯಲ್ಲೋ ನಲವತ್ತರ ಆಸುಪಾಸಿನಲ್ಲೋ ಮನೆಗೆ ಮರಳುವುದರಿಂದ ಮೊದಲ ವರ್ಷಗಳಲ್ಲಿ ಅವರ ಚಿಕಿತ್ಸೆಗೆ ತಗಲುವುದು ಕಡಿಮೆ; ವಯಸ್ಸಾದಂತೆ ಮಧುಮೇಹ, ಮೂತ್ರಪಿಂಡ, ಹೃದಯ, ಕ್ಯಾನ್ಸರ್ ಎಂದು ವೆಚ್ಚ ಏರುತ್ತಲೇ ಹೋಗುತ್ತದೆ. ಖಾಸಗಿ ಆಸ್ಪತ್ರೆಗಳಿಗೆ ಕೊಡುವ ದರಕ್ಕೆ ಕೇಂದ್ರ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ದರಪಟ್ಟಿಯೇ ಆಧಾರ. ಆ ಪಟ್ಟಿ ಬಹುಕಾಲ ಹಾಗೆಯೇ ಉಳಿದು, ಸಮಗ್ರವಾಗಿ ಪರಿಷ್ಕೃತವಾದದ್ದು 2025ರ ಅಕ್ಟೋಬರ್‌ನಲ್ಲಿ. ದರ ಹಳೆಯದಾದಷ್ಟೂ ಬಜೆಟ್ಟಿಗೆ ಹಗುರವೇನೋ ನಿಜ, ಆದರೆ ಆಸ್ಪತ್ರೆಗಳು ರೋಗಿಯನ್ನು ಸೇರಿಸಿಕೊಳ್ಳಲು ಹಿಂಜರಿಯುವುದೂ ಆಗಲೇ.

ಅನುದಾನದ ಅಂಕಿಗಳನ್ನು ಓದುವಾಗ ಎರಡು ಪದಗಳ ಪರಿಚಯ ಅಗತ್ಯ. ವರ್ಷದ ಆರಂಭಕ್ಕೆ ಮುನ್ನ ಮಂಡಿಸುವುದು ಬಜೆಟ್ ಅಂದಾಜು. ಅರ್ಧ ವರ್ಷ ಕಳೆದ ಮೇಲೆ ನಿಜವಾದ ಖರ್ಚನ್ನು ನೋಡಿ ತಿದ್ದುವುದು ಪರಿಷ್ಕೃತ ಅಂದಾಜು. ಹೆಚ್ಚಿನ ಹಣ ಬೇಕಾದರೆ ಸಂವಿಧಾನದ 115ನೆಯ ವಿಧಿಯಂತೆ ಪೂರಕ ಬೇಡಿಕೆಯ ಮೂಲಕ ಸಂಸತ್ತಿನ ಒಪ್ಪಿಗೆ ಪಡೆಯಬೇಕು. 2023-24ರ ನಡುವೆ ಚಿಕಿತ್ಸಾ ವೆಚ್ಚಕ್ಕೆಂದು ಬಜೆಟ್ ಅಂದಾಜಿಗಿಂತ ಶೇ 70ರಷ್ಟು ಹೆಚ್ಚು ಹಣ ಒದಗಿಸಬೇಕಾಯಿತು. ಮರುವರ್ಷ, 2024-25ಕ್ಕೆ, 6,968 ಕೋಟಿ ರೂಪಾಯಿ ನಿಗದಿಯಾದಾಗ ಅದನ್ನು ಶೇ 28ರ ಹೆಚ್ಚಳವೆಂದು ಪ್ರಕಟಿಸಲಾಯಿತು. ಈ ಹೋಲಿಕೆ ಹಿಂದಿನ ವರ್ಷದ ಮೊದಲ ಅಂದಾಜಿನೊಡನೆ ಮಾಡಿದ್ದು. ನಡುವೆ ಏರಿಸಿದ ಮೊತ್ತವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದನ್ನು ಹೆಚ್ಚಳ ಎನ್ನುವುದು ಕಷ್ಟ. 2025-26ಕ್ಕೆ 8,317 ಕೋಟಿ ರೂಪಾಯಿ ಒದಗಿಸಲಾಯಿತು. ಆದ್ದರಿಂದ ಫೆಬ್ರುವರಿಯಲ್ಲಿ ಕೇಳುವ ಶೇಕಡಾವಾರು ಹೆಚ್ಚಳಕ್ಕಿಂತ, ಅದರ ಪಕ್ಕದಲ್ಲೇ ಅಚ್ಚಾಗಿರುವ ಹಿಂದಿನ ವರ್ಷದ ಪರಿಷ್ಕೃತ ಅಂದಾಜನ್ನು ನೋಡುವುದು ಉಪಯುಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಅಂದಾಜು ಕಡಿಮೆಯಾಗಿ, ಪೂರಕ ಹಣ ತಡವಾದರೆ ಆಸ್ಪತ್ರೆಗಳ ಬಿಲ್ಲುಗಳು ಬಾಕಿ ಉಳಿಯುತ್ತವೆ. ಮಾರ್ಚ್ 31ಕ್ಕೆ ಖರ್ಚಾಗದ ಹಣ ಸರ್ಕಾರಕ್ಕೆ ಮರಳುತ್ತದೆ. ತೀರಿಸದ ಬಿಲ್ಲು ಮಾತ್ರ ಮುಂದಿನ ವರ್ಷದ ತಲೆಗೆ ಬೀಳುತ್ತದೆ, ಹೊಸ ಅನುದಾನದ ಒಂದು ಭಾಗ ಹಳೆಯ ಸಾಲಕ್ಕೆ ಹೋಗುತ್ತದೆ. ಬಾಕಿ ಬೆಳೆದಾಗ ನಗದುರಹಿತ ಚಿಕಿತ್ಸೆಯನ್ನು ನಿಲ್ಲಿಸುವ ಆಸ್ಪತ್ರೆಗಳಿವೆ. ಅದರ ನೋವು ತಟ್ಟುವುದು ಸಚಿವಾಲಯಕ್ಕಲ್ಲ, ಕಾರ್ಡು ಹಿಡಿದು ಕೌಂಟರಿನ ಮುಂದೆ ನಿಂತ ಹಿರಿಯರಿಗೆ. ಹಾಗೆಂದು ಬಿಲ್ಲುಗಳನ್ನು ಕಣ್ಣು ಮುಚ್ಚಿ ಪಾವತಿಸುವಂತೆಯೂ ಇಲ್ಲ: ಸರ್ಕಾರದ ಖರ್ಚನ್ನು ಪರಿಶೋಧಿಸುವ ಮಹಾಲೇಖಪಾಲರು (ಸಿಎಜಿ) 2015ರಲ್ಲಿ ಈ ಯೋಜನೆಯ ಕುರಿತೇ ಪ್ರತ್ಯೇಕ ವರದಿ ನೀಡಿದ್ದರು. ಪರಿಶೀಲನೆ ಬಿಗಿಯೂ ಆಗಿರಬೇಕು, ಬೇಗವೂ ಮುಗಿಯಬೇಕು. ಅದಕ್ಕೆ ಬೇಕಾದ ಸಿಬ್ಬಂದಿಯ ವೆಚ್ಚವನ್ನೂ ಅನುದಾನದ ಲೆಕ್ಕದಲ್ಲಿ ಸೇರಿಸಬೇಕು.

ವರ್ಷದ ಮಿತಿಯನ್ನು ದಾಟುವ ದಾರಿ ಇಲ್ಲವೆಂದಲ್ಲ. ಅಮೆರಿಕದಲ್ಲಿ ಬಜೆಟ್ ಅಂಗೀಕಾರ ತಡವಾಗಿ ಮಾಜಿ ಸೈನಿಕರ ಆಸ್ಪತ್ರೆಗಳು ತೊಂದರೆಗೊಳಗಾಗುತ್ತಿದ್ದ ಕಾರಣ, 2009ರಲ್ಲಿ ಒಂದು ಕಾಯ್ದೆ ಮಾಡಿ ಅವರ ಆರೋಗ್ಯ ಸೇವೆಯ ಮುಖ್ಯ ಖಾತೆಗಳಿಗೆ ಒಂದು ವರ್ಷ ಮುಂಚಿತವಾಗಿಯೇ ಹಣ ಮಂಜೂರು ಮಾಡುವ ಪದ್ಧತಿ ತರಲಾಯಿತು. ನಮ್ಮಲ್ಲಿ ಅಂತಹ ವ್ಯವಸ್ಥೆ ಇಲ್ಲ. ಇರಬೇಕೆಂದು ವಾದಿಸಲು ಸಾಕಷ್ಟು ಕಾರಣಗಳಿವೆ.

ಮುಂದಿನ ದಶಕಗಳ ಅಂದಾಜನ್ನು 2022ರ ಅಗ್ನಿಪಥ ಯೋಜನೆ ಬದಲಿಸಲಿದೆ. ನಾಲ್ಕು ವರ್ಷ ಸೇವೆ ಸಲ್ಲಿಸಿ ಹೊರಬರುವ ಅಗ್ನಿವೀರರಿಗೆ ಪಿಂಚಣಿಯೂ ಇಲ್ಲ, ಇಸಿಎಚ್‌ಎಸ್ ಸದಸ್ಯತ್ವವೂ ಇಲ್ಲ; ಖಾಯಂ ಸೇವೆಗೆ ಆಯ್ಕೆಯಾಗಿ ಪಿಂಚಣಿಯೊಂದಿಗೆ ನಿವೃತ್ತರಾಗುವವರು ಮಾತ್ರ ಯೋಜನೆಗೆ ಸೇರುತ್ತಾರೆ. ಆದರೆ ಈಗಾಗಲೇ ಸದಸ್ಯರಾಗಿರುವವರು ವೃದ್ಧಾಪ್ಯದತ್ತ ಸಾಗುತ್ತಿರುವುದರಿಂದ, ಆ ಬದಲಾವಣೆಯ ಪರಿಣಾಮ ಅನುದಾನದಲ್ಲಿ ಕಾಣುವ ಮೊದಲು ಬೇಡಿಕೆ ಇನ್ನೂ ಹಲವು ವರ್ಷ ಏರುತ್ತಲೇ ಇರುತ್ತದೆ.